ಓರೆ ಗೆರೆ

ಪೆಟ್ಟಿಗೆಯೊಳಗಿನ ಥರ್ಮೋಕೋಲನ್ನು ಎಳೆದು ತೆಗೆಯುವಾಗ ಅದು ಕಿರ್ರೆಂದಿತು, ಅವನ ಹಲ್ಲು ಜುಮ್ಮೆಂದಿತು. ಒಳಗಿದ್ದದ್ದು ಹೊಸ ಪೆನ್ ಡಿಸ್‌ಪ್ಲೇ. ಗಾಜಿನ ಮೇಲೆಯೇ ಪೆನ್ನಿಟ್ಟು ಚಿತ್ರ ಬರೆಯುವ ಪರದೆ, ಹಳೆಯದಕ್ಕಿಂತ ಒಂದು ಗೇಣು ಅಗಲ. ಹೊಸ ವಸ್ತು ಬಂದರೆ ಯಾರಿಗಾದರೂ ಖುಷಿಯಾಗಬೇಕು. ಅವನಿಗೂ ಆಗುತ್ತಿತ್ತೇನೋ, ಆದರೆ ಮೇಡಂ ಬೆಳಿಗ್ಗೆ ಬಂದವರೇ, "ಇದನ್ನ ಕಿಟಕಿ ಪಕ್ಕದ ಟೇಬಲ್ ಮೇಲೆ ಹಾಕ್ಕೊಳ್ಳಿ. ನಿಮ್ಮ ಜಾಗಕ್ಕೆ ನಾಳೆಯಿಂದ ಹೊಸಬರು ಬರ್ತಾರೆ" ಎಂದುಬಿಟ್ಟಿದ್ದರು. ಕಿಟಕಿ ಪಕ್ಕದ ಟೇಬಲ್ ಅಂದರೆ, ಕಾರ್ಟೂನ್ ಫಿಲ್ಮಿಗೆ ಚಿತ್ರ ಬರೆಯುವ ಈ ಆಫೀಸಿನ ಹಿರಿಯ ಕಲಾವಿದ ಗೆರೆಯಣ್ಣನ ಟೇಬಲ್. ಗೆರೆಯಣ್ಣ ಕೆಲಸ ಬಿಟ್ಟು ಒಂದು ವರ್ಷವಾಯಿತು. ಬಿಟ್ಟರು ಅನ್ನುವುದು ಆಫೀಸಿನವರು ಆಡುವ ಮಾತು. ಬಿಡಿಸಿದ್ದು ತಾನು ಎಂದು ಅವನಿಗೆ ಗೊತ್ತು. ಮೇಡಂ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಅವರ ಕೈ ನಡುಗ್ತಾ ಇದೆ ಮೇಡಂ, ಹೇಳಬಾರ್ದು, ಆದ್ರೂ ಹೇಳ್ಬೇಕು" ಎಂದವನು ಅವನೇ. ಮಾರನೆಯ ದಿನ ಮೇಡಂ ಗೆರೆಯಣ್ಣನನ್ನು ಕರೆದು ಕೇಳಿದರು. ಅವರು ಒಂದು ಮಾತೂ ಎದುರಾಡದೆ, "ಹೌದು, ನಡುಗತ್ತೆ" ಎಂದು ಒಪ್ಪಿಕೊಂಡು, ಆ ವಾರವೇ ಎದ್ದು ಹೋದರು. ಹೋಗುವಾಗ ಅವನ ಹೆಗಲ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದ್ದರು. ಬೈದಿದ್ದರೆ ಅವನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ.

ಟೇಬಲ್ ಮೇಲೆ ಒಂದು ವರ್ಷದಿಂದ ಯಾರಿಗೂ ಬೇಡದ್ದೆಲ್ಲ ಬಂದು ಬಿದ್ದಿತ್ತು. ಕೆಟ್ಟ ಕೀಬೋರ್ಡು, ರಟ್ಟಿನ ಡಬ್ಬಗಳು, ಯಾರೋ ಬಿಟ್ಟುಹೋದ ಕೊಡೆ. ಎಲ್ಲವನ್ನೂ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದ. ಬಲಗಡೆ, ಮೊಣಕೈ ಊರುವಲ್ಲಿ, ಬಣ್ಣ ಸವೆದು ಮರ ಬೆಳ್ಳಗೆ ಕಾಣುತ್ತಿತ್ತು. ತನ್ನ ಮೊಣಕೈಯನ್ನು ಅಲ್ಲಿ ಊರಿ ನೋಡಿದ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಸರಕ್ಕನೆ ತೆಗೆದುಕೊಂಡ. ಹನ್ನೊಂದು ವರ್ಷ ಈ ಮೊಣಕೈಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಅವನು ಕೆಲಸ ಕಲಿತಿದ್ದ. ಮೊದಮೊದಲು ಪರದೆ ಇರಲಿಲ್ಲ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಒಂದರ ಮೇಲೊಂದು ಕಾಗದ. ಐದು ಕಾಗದವನ್ನು ಐದು ಬೆರಳ ಸಂದಿಯಲ್ಲಿ ಹಿಡಿದು ಸರಸರನೆ ಮಗುಚಿದರೆ ಚಿತ್ರದ ಹುಡುಗಿ ತಿರುಗಿ ನೋಡುತ್ತಿದ್ದಳು. ಗೆರೆಯಣ್ಣ ಅವನ ಕಾಗದ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು, "ಇದನ್ನ ಕೈಯಲ್ಲಿ ಬರೆದ್ಯೋ ಕಾಲಲ್ಲೋ? ಕಾಲಲ್ಲಾದ್ರೆ ಹೇಳಪ್ಪ, ಮೆಚ್ಕೋತೀನಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಮದುವೆಯಾಗಿ, ಮಗುವಾಗಿ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದ ಮೇಲೂ ಅದೇ ಮಾತು, ಅದೇ ನಗು. ಆಮೇಲೆ ಅವರೇ ಆ ಕಾಗದವನ್ನು ತೆಗೆದುಕೊಂಡು ಹೋಗಿ, ಊಟದ ಹೊತ್ತಿನಲ್ಲಿ ತಾವೇ ತಿದ್ದಿ, ಅವನದೇ ಕೆಲಸ ಅನ್ನುವಂತೆ ಅವನ ಟೇಬಲ್ ಮೇಲೆ ಇಡುತ್ತಿದ್ದರು. ಅದು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

"ಎಷ್ಟು ಚೆನ್ನಾಗಿ ಬೆಳಕು ಬರತ್ತೆ ಸಾರ್ ಇಲ್ಲಿ," ಎಂದಳು ಬಣ್ಣ ತುಂಬುವ ಹುಡುಗಿ, ಹೋದ ತಿಂಗಳು ಸೇರಿದವಳು. "ಇಷ್ಟು ದಿನ ಯಾಕೆ ಯಾರೂ ಕೂತಿರ್ಲಿಲ್ಲ?"

"ಯಾಕೋ" ಎಂದ. ಅವಳಿಗೆ ಅಷ್ಟೇ ಸಾಕಾಯಿತು, ಹೆಡ್‌ಫೋನ್ ಏರಿಸಿಕೊಂಡಳು.

ಸ್ಟ್ಯಾಂಡಿನ ಕಾಲು ಬಿಡಿಸಿ ಪರದೆಯನ್ನು ಓರೆಯಾಗಿ ನಿಲ್ಲಿಸಿದ. ಮೂರು ವಯರು: ಒಂದು ಚಿತ್ರಕ್ಕೆ, ಒಂದು ಪೆನ್ನಿಗೆ, ಒಂದು ಕರೆಂಟಿಗೆ. ಕರೆಂಟಿನ ಪ್ಲಗ್ ಸಿಕ್ಕಿಸಲು ಟೇಬಲ್ ಕೆಳಗೆ ಮಂಡಿಯೂರಿ ಬಗ್ಗಿದ. ಅಲ್ಲಿ ಹಳೆಯ ಎಕ್ಸ್‌ಟೆನ್ಶನ್ ಬಾಕ್ಸು, ಅದಕ್ಕೆ ಒತ್ತಿಕೊಂಡು ಗುಂಯ್‌ಗುಡುತ್ತಿದ್ದ ಯುಪಿಎಸ್. ಕತ್ತಲಲ್ಲಿ ಬಾಕ್ಸಿನ ಕೆಂಪು ದೀಪ ಅವನನ್ನೇ ನೋಡುತ್ತಿತ್ತು. ತಲೆಯ ಮೇಲೆ ಯಾರೋ ಕುರ್ಚಿ ಎಳೆದು ಕೂತ ಹಾಗಾಯಿತು. ಗಡಿಬಿಡಿಯಲ್ಲಿ ಏಳಲು ಹೋಗಿ ಟೇಬಲ್ಲಿಗೆ ತಲೆ ಬಡಿದುಕೊಂಡ. ಕುರ್ಚಿ ಇದ್ದಲ್ಲೇ ಇತ್ತು, ಖಾಲಿ. ತನಗೆ ತಾನೇ ಬೈದುಕೊಳ್ಳುತ್ತ ಸಾಫ್ಟ್‌ವೇರ್ ಹಾಕಿದ. ಪರದೆಯ ನಾಲ್ಕು ಮೂಲೆಯಲ್ಲಿ ಮೂಡಿದ ಪ್ಲಸ್ ಗುರುತುಗಳನ್ನು ಒಂದೊಂದಾಗಿ ಪೆನ್ನಿನಿಂದ ಮುಟ್ಟಿದ, ಪೆನ್ನು ಎಲ್ಲಿದೆ, ಗೆರೆ ಎಲ್ಲಿ ಬೀಳಬೇಕು ಎಂದು ಯಂತ್ರಕ್ಕೆ ತಿಳಿಯಲಿ ಅಂತ. ಗಾಜಿನ ಮೇಲೆ ಕೈ ಸಲೀಸಾಗಿ ಜಾರಲಿ ಅಂತ ಕಿರುಬೆರಳು, ಉಂಗುರದ ಬೆರಳಿಗೆ ಮಾತ್ರ ಬರುವ ಕರೀ ಕೈಗವಸು ಹಾಕಿಕೊಂಡ. ಬ್ರಷ್ಷುಗಳ ಪಟ್ಟಿಯನ್ನು ಎಡಕ್ಕೆ ತಳ್ಳಿದ, ಚಿತ್ರಗಳ ಸಾಲನ್ನು ಕೆಳಗಿಟ್ಟ. ತನ್ನ ಹಳೆಯ ಬ್ರಷ್ಷು ಹೊಸ ಯಂತ್ರಕ್ಕೆ ತರಬೇಕಲ್ಲ ಎಂದು ಹೋದ ವರ್ಷದ ಫಿಲ್ಮಿನ ಒಂದು ಫೈಲು ತೆರೆದ, ಹುಡುಗಿಯೊಬ್ಬಳು ಮೆಟ್ಟಿಲು ಇಳಿಯುವ ದೃಶ್ಯ. ಹಿಂದಿನ ಚಿತ್ರಗಳ ನೆರಳು ಕೆಂಪಗೆ, ಮುಂದಿನವುಗಳ ನೆರಳು ಹಸಿರಾಗಿ, ಒಂದರ ಕೆಳಗೊಂದು ಮಸುಕಾಗಿ ಎದ್ದು ಬಂದವು. ಕೆಂಪು ನೆರಳುಗಳೆಲ್ಲ ಗೆರೆಯಣ್ಣನ ಕೈಯವು. ಮೆಟ್ಟಿಲಿನ ಕಟಾಂಜನದ ಓರೆ ಗೆರೆಗಳಲ್ಲಿ ಸಣ್ಣ ಸಣ್ಣ ಹಲ್ಲು. ನಡುಕ.

ಅವನು ಹೊಸ ಹಾಳೆ ತೆಗೆದು ಒಂದು ಓರೆ ಗೆರೆ ಎಳೆದ. ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ. ಗೆರೆ ನಡುಗಿತು.

ಇನ್ನೊಂದು ಎಳೆದ, ಉಸಿರು ಹಿಡಿದು. ಅದೂ ನಡುಗಿತು. ಕೈಯನ್ನು ಪರದೆಯಿಂದೆತ್ತಿ ಕಿಟಕಿಯ ಬೆಳಕಿಗೆ ಚಾಚಿ ನೋಡಿದ. ಕೈ ಸುಮ್ಮನಿತ್ತು, ಸುಮ್ಮನಿದೆಯೋ, ತಾನು ಹಾಗೆಂದುಕೊಳ್ಳುತ್ತಿದ್ದೇನೋ? ನೋಡುತ್ತ ನೋಡುತ್ತ ಕಿರುಬೆರಳ ತುದಿ ಮಿಸುಕಿದ ಹಾಗೆ ಕಂಡಿತು. ಮಾಡಿದ್ದುಣ್ಣೋ ಮಾರಾಯ ಎಂದು ಯಾರೋ ಕಿವಿಯ ಹಿಂದೆ ಹೇಳಿದರು. ಯಾರೂ ಅಲ್ಲ, ಅವನೇ. ಆದರೆ ದನಿ ಗೆರೆಯಣ್ಣನದು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ಕೆಮ್ಮು ಸಮೇತ. ಇನ್ನೆಷ್ಟು ದಿನ? ಇವತ್ತು ಬಣ್ಣದ ಹುಡುಗಿ ನೋಡುತ್ತಾಳೆ, ನಾಳೆ ಹೊಸಬರು ನೋಡುತ್ತಾರೆ, ಅವರಲ್ಲಿ ಯಾರೋ ಒಬ್ಬರು ಮೇಡಂ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡುತ್ತಾರೆ. ಮಗಳ ಸ್ಕೂಲು, ಹೆಂಡತಿಯ ಮುಖ, ಎಲ್ಲ ಒಟ್ಟಿಗೆ ನೆನಪಾದವು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಪಟಪಟನೆ ಗೆರೆಗಳನ್ನು ಅಳಿಸಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆ ಹುಡುಗಿ ತಿರುಗಿದಾಗಲೆಲ್ಲ ಕೈಯನ್ನು ಟೇಬಲ್ ಕೆಳಗೆ ಇಳಿಸುತ್ತಿದ್ದ.

"ಸಾರ್, ಹೊಸ ಗಾಜಿಗೆ ಕೈ ಒಗ್ತಾ ಇಲ್ವಾ?"

"ಹ್ಞೂಂ... ಒಂದು ಸ್ಕೇಲ್ ಇದ್ರೆ ಕೊಡಮ್ಮ."

ಯಾಕೆ ಕೇಳಿದನೋ ಅವನಿಗೇ ಗೊತ್ತಿಲ್ಲ. ಬಹುಶಃ ಒಂದಾದರೂ ನೆಟ್ಟಗಿನ ಗೆರೆ ನೋಡಬೇಕೆನ್ನಿಸಿತ್ತು. ಅವಳ ಪ್ಲಾಸ್ಟಿಕ್ ಸ್ಕೇಲನ್ನು ಗಾಜಿನ ಮೇಲೆ ಓರೆಯಾಗಿ ಒತ್ತಿ ಹಿಡಿದು, ಅದರ ಅಂಚಿಗೆ ಪೆನ್ನು ತಾಗಿಸಿ, ಮೆಲ್ಲಗೆ ಎಳೆದ. ಗೆರೆ ನಡುಗಿತು. ಮತ್ತೆ ಎಳೆದ, ಅದೇ ಹಲ್ಲು, ಅದೇ ನಡುಕ. ಒಂದು ಕ್ಷಣ ಅರ್ಥವಾಗಲಿಲ್ಲ. ಸ್ಕೇಲಿಗೂ ಮುಪ್ಪು ಬರುತ್ತದೆಯೇ? ಪೆನ್ನಿನ ನಿಬ್ಬು ಬದಲಿಸಿದ, ಇನ್ನೊಂದು ವಯರು ಹಾಕಿ ನೋಡಿದ. ಕೊನೆಗೆ ಟೇಬಲ್ ಕೆಳಗೆ ತೂರಿ ಪರದೆಯ ಪ್ಲಗ್ ಕಿತ್ತು, ಉದ್ದನೆಯ ವಯರೊಂದನ್ನು ಎಳೆದು ತಂದು ಬಾಗಿಲ ಬಳಿಯ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ. ಬಂದು ಕೂತು ಎಳೆದ. ನೂಲು ಹಿಡಿದ ಹಾಗೆ ಬಂತು ಗೆರೆ. ಸ್ಕೇಲ್ ತೆಗೆದಿಟ್ಟು ಬರಿಗೈಯಲ್ಲಿ ಎಳೆದ, ನೂಲು. ಹತ್ತು, ಇಪ್ಪತ್ತು ಗೆರೆ ಎಳೆದ. ಹಳೆಯ ಎಕ್ಸ್‌ಟೆನ್ಶನ್ ಬಾಕ್ಸನ್ನು ಎಳೆದು ನೋಡಿದರೆ ಅದರ ಪ್ಲಗ್ಗಿನ ಮೂರನೆಯ ಕಡ್ಡಿ, ಅರ್ಥಿಂಗಿನದು, ಬುಡಕ್ಕೇ ಮುರಿದಿತ್ತು. ಕರೆಂಟಿನ ಗಲಿಬಿಲಿ ಪರದೆಗೆ ಹತ್ತಿ ಪೆನ್ನನ್ನು ಕಾಡುತ್ತಿತ್ತು, ಅಷ್ಟೆ. ತನ್ನ ಕೈಗೆ ಏನೂ ಆಗಿಲ್ಲ. ಏನೂ ಆಗಿಲ್ಲ! ಅವನಿಗೆ ಜೋರಾಗಿ ನಗು ಬಂತು. ಹುಡುಗಿ ಹೆಡ್‌ಫೋನ್ ಇಳಿಸಿ ನೋಡಿದಳು. ಅಷ್ಟರಲ್ಲಿ ನಗು ನಿಂತಿತ್ತು.

ಬಾಕ್ಸು ಹೊಸದಲ್ಲ. ಹೋದ ವರ್ಷವೂ ಇಲ್ಲೇ ಇತ್ತು. ಇದೇ ಕಿಟಕಿ, ಇದೇ ಟೇಬಲ್, ಆ ಪರದೆಯ ಪ್ಲಗ್ಗೂ ಇದೇ ಬಾಕ್ಸಿನಲ್ಲಿತ್ತು. ಗೆರೆಯಣ್ಣ ಒಂದು ಸಲ ಹೇಳಿದ್ದರು ಕೂಡ, ಎಲ್ಲರೂ ಇದ್ದಾಗ, ಕನ್ನಡಕ ಹಣೆಗೇರಿಸಿ: "ಈ ಪರದೇಲೇ ಏನೋ ಇದೆ ಕಣ್ರಯ್ಯ, ಓರೆ ಗೆರೆ ಎಳೆದ್ರೆ ಕಚಗುಳಿ ಇಟ್ಟ ಹಾಗೆ ಆಡತ್ತೆ." ಆಗ ತಕ್ಷಣ ಬಾಯಿಗೆ ಬಂದದ್ದನ್ನು ಅವನು ಅಂದಿದ್ದ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಗಿಸಿದವನು ಅವನಾಗಿದ್ದ, ನಗೆಗೀಡಾದವರು ಅವರು. ಗೆರೆಯಣ್ಣನೂ ನಕ್ಕಿದ್ದರು. ಅವತ್ತಿನಿಂದ ಪರದೆಯ ಮಾತು ಎತ್ತಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು. ಇಷ್ಟೇ ಆಗಿದ್ದರೆ ಗೊತ್ತಾಗದೆ ಮಾಡಿದೆ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕಣ್ಣ ಮುಂದೆ ಆ ಮೆಟ್ಟಿಲಿಳಿಯುವ ಹುಡುಗಿ ಇದ್ದಳು, ನಲವತ್ತೊಂದನೆಯ ಚಿತ್ರದಲ್ಲಿ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು. ಅವತ್ತು ಗೆರೆಯಣ್ಣ ಊಟಕ್ಕೆ ಹೋಗಿದ್ದರು. ಅವರ ನಡುಗುವ ಕಟಾಂಜನವನ್ನು ತಿದ್ದಿ, ಅವರು ತನಗೆ ಮಾಡುತ್ತಿದ್ದ ಹಾಗೆ ತಾನೂ ಅವರಿಗೆ ಮಾಡಿ ತೋರಿಸೋಣ ಎಂದು ಅವನು ಈ ಕುರ್ಚಿಯಲ್ಲಿ ಕೂತಿದ್ದ. ಮೂರು ಗೆರೆ ಎಳೆದ. ಮೂರೂ ನಡುಗಿದವು. ಅವನದೇ ಕೈ, ಮೂವತ್ತೇಳರ ಗಟ್ಟಿ ಕೈ. ಆಮೇಲೆ ಗೆರೆಯನ್ನು ತಾನೇ ನಯ ಮಾಡುವ ಗುಂಡಿಯನ್ನು ಸಾಫ್ಟ್‌ವೇರಿನಲ್ಲಿ ಕೊನೆಯ ತನಕ ಏರಿಸಿ, ಆ ಮೂರನ್ನು ಹಾಗೇ ಬಿಟ್ಟು, ಮೇಲಿನ ಲೇಯರಿನಲ್ಲಿ, ಪಾರದರ್ಶಕ ಹಾಳೆಯಂಥ ಇನ್ನೊಂದು ಪದರದಲ್ಲಿ, ನಾಲ್ಕನೆಯ ಗೆರೆ ಎಳೆದ. ಅದು ನಯವಾಗಿ ಬಂತು. ಎದ್ದು ಹೋದ. ಅದೇ ದಿನ ಮೂರು ಗಂಟೆಗೆ ಮೇಡಂ ಕೋಣೆಯ ಬಾಗಿಲು ಮುಂದೆ ಮಾಡಿದ. ಮರೆತಿದ್ದೆ ಎಂದು ಹೇಳಿಕೊಳ್ಳಲು ಈಗಲೂ ಪ್ರಯತ್ನಿಸಿದ. ಆಗಲಿಲ್ಲ. ಅವನು ಮರೆತಿರಲಿಲ್ಲ, ಆ ಕಡೆ ನೋಡಿರಲಿಲ್ಲ.

ಮಧ್ಯಾಹ್ನ ಮೇಡಂ ಬಂದು ಹೊಸ ಪರದೆಯನ್ನು ತಟ್ಟಿ ನೋಡಿದರು. ಬಾಕ್ಸಿನ ವಿಷಯ ಹೇಳಿದ, ಗೆರೆ ನಡುಗುತ್ತಿದ್ದದ್ದನ್ನೂ ಹೇಳಿದ, ಮತ್ತೆ ಆ ಬಾಕ್ಸಿಗೆ ಹಾಕಿ ತೋರಿಸಿದ. "ಅಯ್ಯೋ, ಶಾಕ್ ಹೊಡೆದ್ರೆ ಏನ್ ಗತಿ! ಎಲೆಕ್ಟ್ರಿಷಿಯನ್‌ಗೆ ಹೇಳ್ತೀನಿ. ಒಳ್ಳೇದಾಯ್ತು ನೋಡಿದ್ದು" ಎಂದರು. ಅವನು ಕಾದ. ಅವರು ಒಂದು ಹೆಜ್ಜೆ ಮುಂದೆ ಯೋಚಿಸಿದ್ದರೆ ಸಾಕಿತ್ತು. ಅವರು ಮೊಬೈಲು ನೋಡಿಕೊಂಡು ಹೊರಟುಹೋದರು. ಅಲ್ಲಿಗೆ ಮುಗಿಯಿತು, ನಾಳೆ ಹೊಸ ಬಾಕ್ಸು ಬರುತ್ತದೆ, ಹಳೆಯದು ಗುಜರಿಗೆ ಹೋಗುತ್ತದೆ, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಅವನಿಗೆ ಎಷ್ಟು ಹಗುರವಾಯಿತೆಂದರೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ನಾಲ್ಕೂವರೆಗೆ, ತಲೆನೋವು ಅಂತ ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದ.

ಊರಿನ ಆ ತುದಿಗೆ ಎರಡು ಬಸ್ಸು. ನಿಂತೇ ಹೋದ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದ: ಅಣ್ಣ, ನಿಮ್ಮ ಕೈ ಚೆನ್ನಾಗಿದೆ, ಕರೆಂಟಿನ ತೊಂದರೆ, ಇವತ್ತು ಗೊತ್ತಾಯ್ತು. ಇವತ್ತು ಅನ್ನುವ ಮಾತು ಬಂದಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು. ಇವತ್ತು ಅಂದರೆ ಸಾಕು, ಅವರು ನಂಬುತ್ತಾರೆ. ಬಸ್ಸಿನ ಕಂಬ ಹಿಡಿದ ಕೈ ರಸ್ತೆಯ ಗುಂಡಿಗಳಿಗೆ ಅಲ್ಲಾಡುತ್ತಿದ್ದುದನ್ನೇ ನೋಡುತ್ತಿದ್ದ. ಅವರು ಹೆಗಲು ತಟ್ಟಿದ್ದರಲ್ಲ, ಅದು "ಹೇಳಿದ್ದು ನೀನೇ ಅಂತ ಗೊತ್ತು" ಎಂಬ ಅರ್ಥದ್ದು, ಬೈಗುಳಕ್ಕಿಂತ ಕಡೆಯದು ಎಂದು ಒಂದು ವರ್ಷದಿಂದ ಅವನ ಲೆಕ್ಕ. ಹಬ್ಬ ಹರಿದಿನಕ್ಕೆ ಫೋನು ಮಾಡಬೇಕೆಂದರೂ ಆ ತಟ್ಟಿದ ಜಾಗ ಭಾರವಾಗುತ್ತಿತ್ತು.

ಬಾಗಿಲು ತೆಗೆದವರು ಗೆರೆಯಣ್ಣನ ಹೆಂಡತಿ, ಅವನು ಅತ್ತಿಗೆ ಎನ್ನುವವರು. "ಬಾಪ್ಪಾ! ದಾರಿ ತಪ್ಪಿ ಬಂದ್ಯಾ?" ಎಂದು ನಕ್ಕರು. ಒಳಗೆ ಕಿಟಕಿಯ ಬಳಿ ಸಣ್ಣ ಮೇಜು, ಅದರ ಮುಂದೆ ಗೆರೆಯಣ್ಣ. ಸ್ವಲ್ಪ ಇಳಿದುಹೋಗಿದ್ದರು. ಪೆನ್ಸಿಲ್ ಹಿಡಿದಿದ್ದರು, ಎಡಗೈಯಲ್ಲಿ. ಗೋಡೆಯ ತುಂಬ ಅಂಟಿಸಿದ ಕಾಗದಗಳು: ವಕ್ರ ವೃತ್ತಗಳು, ಎಳೆಮಕ್ಕಳು ಬರೆದಂಥ ಮುಖಗಳು, ಬರಬರುತ್ತ ನೆಟ್ಟಗಾದ ಗೆರೆಗಳು, ಕೊನೆಯಲ್ಲಿ ಕುಳಿತ ಒಂದು ಬೆಕ್ಕು. ಬೆಕ್ಕು ಬೆಕ್ಕಿನ ಹಾಗೇ ಇತ್ತು.

"ಬಾರೋ, ಕೂತ್ಕೊ. ನೋಡು, ಅರವತ್ತಕ್ಕೆ ಅರಳುಮರಳು, ಒಂದನೇ ಕ್ಲಾಸಿಗೆ ಸೇರಿದೀನಿ" ಎಂದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. "ಬಲಗಡೆಯವನು ರಿಟೈರ್ಡು. ನರದ ಡಾಕ್ಟ್ರು ಮಾತ್ರೆ ಕೊಟ್ಟಿದಾರೆ. ಅವರ ಮುಂದೆ ಕೈ ಚಾಚಿದ್ರೆ ನಡುಗೋದೇ ಇಲ್ಲ ನೋಡು, ಕಳ್ಳ! ಬರೆದು ತೋರ್ಸಿ ಅಂದ್ರು. ನಾನು ಬರೀಲಿಲ್ಲ."

"ಯಾಕಣ್ಣ? ಮನೇಲಿ... ಕಾಗದದ ಮೇಲೆ ಒಂದ್ಸಲನೂ ಬರೀಲಿಲ್ವಾ?"

"ಭಯ ಕಣೋ. ಕಾಗದದ ಮೇಲೂ ನಡುಗಿಬಿಟ್ರೆ ಆಮೇಲೆ ಏನಿದೆ?" ನಗುತ್ತಲೇ ಹೇಳಿದರು. ಆಮೇಲೆ ಥಟ್ಟನೆ ಮುಂದಕ್ಕೆ ಬಾಗಿ ಅವನ ಬಲಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡರು. ದನಿ ತಗ್ಗಿಸಿದರು, ಅತ್ತಿಗೆಗೆ ಕೇಳಿಸಬಾರದು ಎಂಬಂತೆ. "ನಿಂದು ಹೇಗಿದೆ? ಜಾಸ್ತಿ ಆಗಿದ್ಯಾ?"

ಅವನಿಗೆ ಅರ್ಥವಾಗಲಿಲ್ಲ.

"ನನ್ ಹತ್ರ ಮುಚ್ಚಿಡಬೇಡ. ಆ ಮೆಟ್ಟಿಲು ಇಳಿಯೋ ಹುಡುಗಿ, ನಲವತ್ತೊಂದನೇ ಚಿತ್ರ. ಕೆಳಗಿನ ಲೇಯರಲ್ಲಿ ನೀನು ಮೂರು ಗೆರೆ ಬಿಟ್ಟು ಹೋಗಿದ್ದೆ, ನಿನ್ ಟೇಬಲಿಂದ ಫೈಲು ತೆಗೆದು ಎಳೆದಿದೀಯ ಅಂದ್ಕೊಂಡೆ. ಓರೆ ಗೆರೆ ಕೆಳಗಿಂದ ಮೇಲಕ್ಕೆ ಎಳೆಯೋನು ಆಫೀಸಲ್ಲಿ ನೀನೊಬ್ನೇ. ಮೂರೂ ನಡುಗ್ತಿದ್ವು. ಊಟ ಮಾಡಿ ಬಂದು ನೋಡಿದೆ. ಯಾರೂ ನೋಡೋ ಮುಂಚೆ ಅಳಿಸಿಹಾಕಿದೆ. ಮಾರನೇ ದಿನ ಮೇಡಂ ಕರೆದ್ರು, ಯಾರೋ ಹೇಳಿದಾರೆ, ಗೆರೆ ನಡುಗ್ತಿದೆ ಅಂತ. ಯಾರು ಹೇಳಿದ್ರು ಅಂತ ಕೇಳೋಕೇ ಹೋಗ್ಲಿಲ್ಲ. ನಾನು ಇಲ್ಲ ಅಂದ್ರೆ ಎಲ್ಲಾರ ಫೈಲೂ ತೆಗೆದು ನೋಡ್ತಾರೆ, ನಿನ್ನ ಕೈ ಸಿಕ್ಕಿಬೀಳತ್ತೆ. ನಂದೇ ಅಂದೆ. ನಂಗೇನು, ಮುಗೀತು, ನಿನ್ನ ಮಗು ಇನ್ನೂ ಸಣ್ಣದು." ಅವನ ಕೈ ಬಿಟ್ಟು, ಮೇಜಿನ ಖಾನೆಯಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ಅವನ ತೊಡೆಯ ಮೇಲಿಟ್ಟರು. "ಎಡಗೈಗೆ ಹೇಗೆ ಕಲಿಸೋದು ಅಂತ ದಿನಾ ಬರೆದಿಟ್ಟಿದೀನಿ. ನಾನು ಎಡವಿದ ಕಡೆ ನೀನು ಎಡವೋದು ಬೇಡ. ಈಗ್ಲಿಂದ ಶುರು ಮಾಡಿದ್ರೆ, ಅಲ್ಲಿ ಗೊತ್ತಾಗೋ ಹೊತ್ತಿಗೆ ನಿಂಗೆ ಎಡಗೈ ಬಂದಿರತ್ತೆ."

ಅವನು ನೋಟ್‌ಬುಕ್ ತೆರೆಯಲಿಲ್ಲ. "ಇವತ್ತು ಗೊತ್ತಾಯ್ತು" ಅನ್ನುವ ಮಾತು ಬಾಯಿಯ ತನಕ ಬಂದಿತ್ತು. ಇನ್ನು ಅದನ್ನು ಆಡಿದರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು.

"ಅಣ್ಣ, ಮೇಡಂಗೆ ಹೇಳಿದ್ದು ನಾನು."

ಗೆರೆಯಣ್ಣ ಮೇಜಿನ ಮೇಲಿದ್ದ ಪೆನ್ಸಿಲನ್ನು ಮತ್ತೆ ಎಡಗೈಗೆ ತೆಗೆದುಕೊಂಡರು.

"ಆ ಮೂರು ಗೆರೆ ಎಳೆದ ದಿನವೇ. ನಂದೂ ನಡುಗಿತ್ತು, ಜಾಗದ್ದೇ ಏನೋ ದೋಷ ಅಂತ ಆಗಲೇ ಗೊತ್ತಿತ್ತು ನಂಗೆ. ಗೊತ್ತಿತ್ತು ಅಂದ್ರೆ... ಗೊತ್ತಿತ್ತು. ಆದ್ರೂ ಹೇಳಿದೆ. ಇವತ್ತು ಆ ಟೇಬಲಲ್ಲೇ ಹೊಸ ಪರದೆ ಹಾಕಿದೆ. ಟೇಬಲ್ ಕೆಳಗಿನ ಬಾಕ್ಸಿಂದು, ಅರ್ಥಿಂಗ್ ಕಡ್ಡಿ ಮುರಿದಿದೆ. ಗೋಡೆಗೆ ಹಾಕಿದ್ರೆ ನಡುಗಲ್ಲ. ನನ್ ಕೈಗೆ ಏನೂ ಆಗಿಲ್ಲ ಅಣ್ಣ. ನಿಮ್ ಕೈಗೂ ಏನೂ ಆಗಿರ್ಲಿಲ್ಲ."

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಗೆರೆಯಣ್ಣ ಮೊದಲು ಅವನ ಕೈಯನ್ನು ನೋಡಿದರು. "ಅಂದ್ರೆ ನಿಂಗೆ ಏನೂ ಇಲ್ಲ."

"ಇಲ್ಲ."

"ಸದ್ಯ" ಎಂದರು. ನಿಜವಾಗಿಯೂ ಹಾಗೇ ಅಂದರು, ಮುಖ ಒಂದು ಗಳಿಗೆ ಸಡಿಲವಾಯಿತು. ಆಮೇಲೆ ತಮ್ಮ ಬಲಗೈಯನ್ನು ತೊಡೆಯಿಂದೆತ್ತಿ ಮೇಜಿನ ಮೇಲಿಟ್ಟುಕೊಂಡು, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ ನೋಡುತ್ತ ಕೂತರು. ಎಡಗೈಯಲ್ಲಿದ್ದ ಪೆನ್ಸಿಲನ್ನು ಬಲಗೈಗೆ ದಾಟಿಸಿದರು. ಬೆರಳುಗಳು ತಾವಾಗಿಯೇ ಸರಿಯಾಗಿ ಹಿಡಿದುಕೊಂಡವು. ಕಾಗದದ ಮೇಲೆ ಪೆನ್ಸಿಲಿನ ಮೊನೆ ಇಟ್ಟರು. ಎಳೆಯಲಿಲ್ಲ. ಎಳೀರಿ ಅಣ್ಣ, ಒಂದು ಗೆರೆ, ದಮ್ಮಯ್ಯ ಎಂದು ಅವನು ಒಳಗೊಳಗೇ ಬೇಡುತ್ತಿದ್ದ.

"ನೀನು ಹೊರಡು" ಎಂದರು ಗೆರೆಯಣ್ಣ, ತಲೆಯೆತ್ತದೆ, ಸಿಟ್ಟಿಲ್ಲದೆ. "ನೀನು ಕೂತಿದ್ರೆ ನಂಗೆ ಬರೆಯೋಕಾಗಲ್ಲ."

ನೋಟ್‌ಬುಕ್ಕನ್ನು ಮೇಜಿನ ಮೇಲಿಡಲೋ, ತೆಗೆದುಕೊಂಡು ಹೋಗಲೋ ತಿಳಿಯದೆ, ಕುರ್ಚಿಯ ಮೇಲೆ ಇಟ್ಟು ಎದ್ದ. ಅತ್ತಿಗೆ ಬಾಗಿಲ ತನಕ ಬಂದರು, ಕೈಯಲ್ಲಿ ಕಾಫಿಯ ಲೋಟ ಹಾಗೇ ಇತ್ತು, ಕೊಡಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದರು. ಅವನು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಪೆನ್ಸಿಲ್ ಹೆರೆಯುವ ಸದ್ದು ಬರುತ್ತಿತ್ತು, ಬ್ಲೇಡಿನಿಂದ, ಸಾವಧಾನವಾಗಿ. ಲೇಸು ಕಟ್ಟಿಯಾಯಿತು. ಒಂದು ಮಹಡಿ ಇಳಿದ, ತಿರುವಿನಲ್ಲಿ ನಿಂತು ಕಿವಿಗೊಟ್ಟ. ಬಾಗಿಲು ಇನ್ನೂ ತೆರೆದೇ ಇತ್ತು. ಹೆರೆಯುತ್ತಲೇ ಇದ್ದರು.